ಮಗುವಿಗೆ ಮದ್ದು, ಮನೆಯವರಿಗೆ ಕೆಲಸ

ಮಂಗಳೂರಿನಲ್ಲಿ ಮಕ್ಕಳ ಮನೋವೈದ್ಯನಾಗಿ ನಾನು ಮೊದಲ ಭೇಟಿಯಲ್ಲೇ ಕೇಳುವುದು: ಮಗುವನ್ನು ಬೆಳಿಗ್ಗೆ ಎಬ್ಬಿಸುವವರು ಯಾರು, ಮನೆಯ ತೀರ್ಮಾನ ಯಾರದ್ದು? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪ ದುಬೈಯಲ್ಲಿ, ತೀರ್ಮಾನ ಅಜ್ಜಿಯದ್ದೋ ಸೋದರಮಾವನದ್ದೋ. ಅಮ್ಮನಿಗಷ್ಟೇ ಹೇಳಿ ಕಳಿಸಿದರೆ, 'ಇಷ್ಟು ಸಣ್ಣ ಮಗುವಿಗೆ ಎಂತದ್ದಕ್ಕೆ ಮಾತ್ರೆ?' ಎಂಬ ಒಂದು ಮಾತಿಗೆ ಮದ್ದು ನಿಲ್ಲುತ್ತದೆ. ಅದಕ್ಕೇ ಎರಡನೇ ಭೇಟಿಗೆ ಅವರೂ ಬರಬೇಕು, ಅಪ್ಪ ವೀಡಿಯೊ ಕಾಲ್‌ನಲ್ಲಿರಬೇಕು. ತುಳುವಿನಲ್ಲಿ ಮಾತಾಡಿದರೆ ಅಜ್ಜಿಯೂ ಬಾಯಿ ಬಿಡುತ್ತಾರೆ.

ಮಕ್ಕಳ ಖಿನ್ನತೆ ಅಳುವಾಗಿ ಅಲ್ಲ, ಸಿಡುಕಾಗಿ ಕಾಣುವುದುಂಟು. ಮನೆಯವರು ಅದಕ್ಕೆ ಸೊಕ್ಕು, ಸೋಮಾರಿತನ ಎಂದು ಬೈಯುತ್ತಾರೆ. ಬೈಗುಳ ಹೆಚ್ಚಿದಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚು. 'ಯಾವಾಗ ನೋಡಿದ್ರೂ ಮಲಗಿಯೇ ಇರ್ತೀಯಲ್ಲ' ಎನ್ನುವ ಬದಲು 'ಐದು ಗಂಟೆಗೆ ನನ್ನೊಟ್ಟಿಗೆ ಅಂಗಡಿಗೆ ಬಾ' ಎನ್ನಬೇಕು. ಇದನ್ನು ನನ್ನೆದುರೇ ಹೇಳಿಸಿ ಅಭ್ಯಾಸ ಮಾಡಿಸುತ್ತೇನೆ.

ಗೋಡೆ ಕ್ಯಾಲೆಂಡರಿನ ಚೌಕದಲ್ಲಿ ದಿನಾ ಬರೆಯುವುದು ಮೂರೇ: ಮಲಗಿದ, ಎದ್ದ ಹೊತ್ತು, −3ರಿಂದ (ತೀರಾ ಕುಗ್ಗಿದೆ) +3ರೊಳಗೆ (ಅತಿಯಾಗಿ ಉಬ್ಬಿದೆ) ಮನಸ್ಸಿನ ಅಂಕೆ, ಮದ್ದು ಕೊಟ್ಟ ಗುರುತು. ಅಂಕೆ ಮಗುವೇ ಹೇಳಬೇಕು. ಅಮ್ಮನ ಲೆಕ್ಕ ಬೇರೆಯಾದರೆ ಪಕ್ಕದಲ್ಲಿ ಅದನ್ನೂ ಬರೆಯಲಿ. ಆ ಅಂತರವೇ ನನಗೆ ಹೆಚ್ಚು ತಿಳಿಸುತ್ತದೆ. ನಿದ್ದೆ ನಾಲ್ಕು ಗಂಟೆಗಿಳಿದರೂ ದಣಿವಿಲ್ಲ, ಮಾತು ನಿಲ್ಲುವುದಿಲ್ಲ ಎಂದಾದರೆ ಅಂದೇ ಫೋನ್ ಮಾಡಬೇಕು. ನಿದ್ದೆಗೆಟ್ಟರೆ ಉನ್ಮಾದ ಕೆರಳುತ್ತದೆ. ಬೈಪೋಲಾರ್ (ಖಿನ್ನತೆಯೂ ಅತಿ ಉತ್ಸಾಹದ ಉನ್ಮಾದವೂ ಬಂದುಹೋಗುವ ಕಾಯಿಲೆ) ಇರುವ ಮಗುವನ್ನು ರಾತ್ರಿಯಿಡೀ ಯಕ್ಷಗಾನದ ಆಟಕ್ಕೆ, ಭೂತಕೋಲಕ್ಕೆ ಕೂರಿಸಬೇಡಿ. ಮನೆಯ ಹರಕೆಯ ಆಟವೇ ಆದರೆ, ಆಟಕ್ಕೆ ಮೊದಲು ನಡೆಯುವ ಚೌಕಿಪೂಜೆ ಮುಗಿಸಿ ಪ್ರಸಾದ ತಗೊಂಡು ಬರಲಿ.

ಖಿನ್ನತೆಯ ಮದ್ದು ಫ್ಲುವೊಕ್ಸೆಟಿನ್ ಹಿಡಿಯಲು ನಾಲ್ಕಾರು ವಾರ ಬೇಕು, ಚಡಪಡಿಕೆ ಅದಕ್ಕೂ ಮೊದಲೇ ಬರಬಹುದು. ಕೆಲವು ಮಕ್ಕಳಿಗೆ ಸಾಯುವ ಯೋಚನೆ ಹೆಚ್ಚುವುದೂ ಈ ಮೊದಲ ವಾರಗಳಲ್ಲೇ. ಆಗ ವಾರವಾರ ಕರೆಸುತ್ತೇನೆ. 'ಸಾಯಬೇಕು ಅಂತ ಅನಿಸ್ತದಾ?' ಎಂದು ನೇರ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಡಕೆ ತೋಟದ ಮನೆಯಾದರೆ ಕಳೆನಾಶಕ, ಇಲಿ ಪಾಷಾಣ, ಮೈಲುತುತ್ತು ಎಲ್ಲಿವೆ ಎಂದು ವಿಚಾರಿಸದೆ ಬಿಡುವುದಿಲ್ಲ. ಕೊಟ್ಟಿಗೆಯ ಅಟ್ಟ ಸಾಲದು, ಬೀಗವೇ ಬೇಕು. ಅಜ್ಜನ ಬಿಪಿ, ಶುಗರ್ ಮಾತ್ರೆಗೂ ಬೇರೆ ಬೀಗ. ರಾತ್ರಿ ನನ್ನ ಫೋನ್ ಸಿಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ; ಜೀವಕ್ಕೆ ಅಪಾಯ ಕಂಡರೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಮಗು ನಗತೊಡಗಿದ ಕೂಡಲೇ ಮದ್ದು ಬಿಡಿಸುವ ಆತುರ ಮನೆಯಲ್ಲಿ ಶುರುವಾಗುತ್ತದೆ. ಖಿನ್ನತೆ ಗುಣವಾದ ಮೇಲೂ ಆರರಿಂದ ಹನ್ನೆರಡು ತಿಂಗಳು ಮದ್ದು ನಡೆಯಬೇಕು. ಆಮೇಲೆ ಇಳಿಸುವುದೂ ನಿಧಾನಕ್ಕೆ, ಪರೀಕ್ಷೆಯ ಹೊತ್ತು ಬಿಟ್ಟು.