ಕಥೋಲಿಕ ಅಂತ್ಯಕ್ರಿಯೆ: ಕುಟುಂಬದವರು ಮಾಡಿಕೊಳ್ಳಬೇಕಾದ ಸಿದ್ಧತೆ

ಮನೆಯಲ್ಲಿ ಸಾವು ಸಂಭವಿಸಿದಾಗ, ವಾಟ್ಸಾಪ್‌ನಲ್ಲಿ ಅಂತ್ಯಕ್ರಿಯೆಯ ಸಮಯವನ್ನು ಪ್ರಕಟಿಸುವುದಕ್ಕೆ ಮೊದಲು ನಿಮ್ಮ ಚರ್ಚಿನ ಧರ್ಮಗುರುಗಳಿಗೂ ವಾಳೆಯ (ಚರ್ಚಿನ ವ್ಯಾಪ್ತಿಯ ಒಂದು ವಾರ್ಡಿನ) ಮುಖಂಡರಾದ ಗುರಿಕಾರರಿಗೂ ವಿಷಯ ತಿಳಿಸಿರಿ. ಪವಿತ್ರ ಗುರುವಾರ, ಶುಭ ಶುಕ್ರವಾರ, ಪವಿತ್ರ ಶನಿವಾರ ಹಾಗೂ ಆಗಮನ ಕಾಲ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು), ತಪಸ್ಸು ಕಾಲ (ಈಸ್ಟರ್‌ಗೆ ಮುಂಚಿನ ವಾರಗಳು) ಮತ್ತು ಪಾಸ್ಖ ಕಾಲದ (ಈಸ್ಟರ್ ಮತ್ತು ಅದರ ನಂತರದ ವಾರಗಳ) ಭಾನುವಾರಗಳಂದು ಅಂತ್ಯಕ್ರಿಯೆಯ ಬಲಿಪೂಜೆಗೆ (ಮಾಸ್) ಅವಕಾಶವಿಲ್ಲ. ಅಂಥ ದಿನ ಬೈಬಲ್ ವಾಚನ, ಪ್ರಾರ್ಥನೆಗಳೊಂದಿಗೆ ದಫನ ನೆರವೇರಿಸಿ, ಬಲಿಪೂಜೆಯನ್ನು ಮತ್ತೊಂದು ದಿನ ಅರ್ಪಿಸಬಹುದು. ಗಲ್ಫಿನಿಂದ ಮಕ್ಕಳು ಬರಬೇಕಿದ್ದರೆ ಅವರ ವಿಮಾನದ ಟಿಕೆಟ್ ಖಚಿತವಾದ ಬಳಿಕವೇ ದಿನ ಗೊತ್ತುಮಾಡಿ, ಅಲ್ಲಿಯವರೆಗೆ ಪಾರ್ಥಿವ ಶರೀರವನ್ನು ಆಸ್ಪತ್ರೆಯ ಶವಾಗಾರದಲ್ಲಿ ಇರಿಸುವುದು ಒಳ್ಳೆಯದು. ವೈದ್ಯರಿಂದ ಮರಣ ಕಾರಣದ ಪತ್ರ ಪಡೆಯಿರಿ. ಮರಣ ನೋಂದಣಿಗೆ 21 ದಿನಗಳ ಅವಧಿಯಿದೆ.

ಮನೆಯಲ್ಲಿ ಅಂತಿಮ ದರ್ಶನಕ್ಕೆ ಸಾಕಷ್ಟು ಸಮಯವಿರಲಿ. ಚರ್ಚಿಗೆ ಬರಲು ಸಂಕೋಚಪಡುವ ಅನ್ಯಧರ್ಮೀಯ ನೆರೆಕರೆಯವರು ಗೌರವ ಸಲ್ಲಿಸುವುದು ಅಲ್ಲಿಯೇ. ಮೃತರು ದಿನವೂ ಹಿಡಿದು ಪ್ರಾರ್ಥಿಸುತ್ತಿದ್ದ ಜಪಸರವನ್ನೇ ಅವರ ಕೈಬೆರಳುಗಳಿಗೆ ಸುತ್ತಿರಿ, ಹೊಸದನ್ನು ಕೊಳ್ಳುವ ಅಗತ್ಯವಿಲ್ಲ.

ಬಲಿಪೂಜೆಯ ವಾಚನಗಳನ್ನು ಆರಿಸಲು ಕುಟುಂಬಕ್ಕೆ ಅವಕಾಶವಿರುವುದರಿಂದ ಧರ್ಮಗುರುಗಳೊಡನೆ ಕುಳಿತು ಮಾತನಾಡಿರಿ. ನೀತಿವಂತರ ಆತ್ಮಗಳು ದೇವರ ಕೈಯಲ್ಲಿವೆ ಎನ್ನುವ ಜ್ಞಾನಗ್ರಂಥದ 3ನೆಯ ಅಧ್ಯಾಯ, ತಂದೆಯ ಮನೆಯಲ್ಲಿ ನಮಗಾಗಿ ಸ್ಥಳವಿದೆಯೆನ್ನುವ ಯೊವಾನ್ನರ ಶುಭಸಂದೇಶದ 14ನೆಯ ಅಧ್ಯಾಯ ಬಹಳ ಮಂದಿಗೆ ಸಾಂತ್ವನ ನೀಡಿವೆ. ಪೂಜೆ ಕೊಂಕಣಿಯಲ್ಲಿದ್ದರೂ, ಭಾಷೆ ತಿಳಿಯದ ಬಂಧುಗಳಿಗಾಗಿ ಒಂದು ವಾಚನ ಕನ್ನಡದಲ್ಲಿರಲೆಂದು ಕೇಳಿಕೊಳ್ಳಬಹುದು. ಓದುವವರು ಅಳುವಿನ ನಡುವೆಯೂ ಸ್ವರ ಹಿಡಿದು ಓದಬಲ್ಲವರಾಗಿರಬೇಕು. ಈ ಹೊಣೆಯನ್ನು ಮಗ ಅಥವಾ ಮಗಳ ಮೇಲೆಯೇ ಹೊರಿಸುವುದು ಸರಿಯಲ್ಲ. ಪ್ರಬೋಧನೆ (ಪೂಜೆಯಲ್ಲಿ ಧರ್ಮಗುರುಗಳು ನೀಡುವ ಪ್ರವಚನ) ಮೃತರ ಗುಣಗಾನಕ್ಕಿರುವುದಲ್ಲ. ನೆನಪಿನ ಮಾತುಗಳಿದ್ದರೆ ಧರ್ಮಗುರುಗಳ ಒಪ್ಪಿಗೆ ಪಡೆದು, ಪರಮಪ್ರಸಾದದ (ಕಮ್ಯುನಿಯನ್) ನಂತರದ ಪ್ರಾರ್ಥನೆ ಮುಗಿದ ಮೇಲೆ ಒಬ್ಬರೇ ಚುಟುಕಾಗಿ ಹೇಳಲಿ.

ಕಥೋಲಿಕ ಧರ್ಮಸಭೆಯು 1963ರಿಂದ ದಹನಕ್ಕೆ ಅನುಮತಿ ನೀಡಿದೆಯಾದರೂ ಅದರ ಒಲವು ದಫನದ ಕಡೆಗೇ ಇದೆ. ದಹನವನ್ನೇ ಆರಿಸಿದರೆ ಚಿತಾಭಸ್ಮವನ್ನು ನೇತ್ರಾವತಿಯಲ್ಲಾಗಲಿ ಕಡಲಿನಲ್ಲಾಗಲಿ ವಿಸರ್ಜಿಸುವಂತಿಲ್ಲ. ಸ್ಮಶಾನದಂಥ ಪವಿತ್ರ ಸ್ಥಳದಲ್ಲಿ ಇರಿಸಬೇಕೆಂದು 2016ರಲ್ಲಿ ವ್ಯಾಟಿಕನ್ ಸ್ಪಷ್ಟಪಡಿಸಿದೆ. ಆದ್ದರಿಂದ ಅದಕ್ಕೆ ಸ್ಥಳವಿದೆಯೇ ಎಂದು ಚರ್ಚಿನಲ್ಲಿ ಮೊದಲೇ ವಿಚಾರಿಸಿರಿ. ಏಳನೆಯ ದಿನದ ಮತ್ತು ತಿಂಗಳ ಪೂಜೆಗಳಿಗೂ ಚರ್ಚ್ ಕಚೇರಿಯಲ್ಲಿ ಅದೇ ಸಂದರ್ಭದಲ್ಲಿ ಹೆಸರು ಬರೆಸಿದರೆ, ರಜೆ ಮುಗಿಸಿ ಹಿಂದಿರುಗಬೇಕಾದವರು ತಮ್ಮ ಪ್ರಯಾಣವನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.