ಗೋಳಗುಮ್ಮಟಕ್ಕೆ ಕಾರಿನಲ್ಲಿ: ಪಿಸುಮಾತು ಕೇಳಿಸುವ ಹೊತ್ತಿಗೆ ತಲುಪುವುದು ಹೇಗೆ?

ವಿಜಯಪುರದ ಗೋಳಗುಮ್ಮಟವನ್ನು ನೋಡಿ ಬಂದವರು ಬಹಳ ಮಂದಿ, ಕೇಳಿ ಬಂದವರು ಕಡಿಮೆ. ಗುಮ್ಮಟದೊಳಗಿನ ಪಿಸುಮಾತಿನ ಗ್ಯಾಲರಿಗೆ ನಮ್ಮ ಕುಟುಂಬ ಮೊದಲ ಸಲ ಹತ್ತಿದಾಗ ಬೆಳಗಿನ ಹನ್ನೊಂದು ಗಂಟೆಯಾಗಿತ್ತು. ಶಾಲಾ ಪ್ರವಾಸದ ಮೂರು ತಂಡಗಳ ಶಿಳ್ಳೆ, ಕೂಗುಗಳ ನಡುವೆ ಪಿಸುಮಾತಿರಲಿ, ಪಕ್ಕದಲ್ಲಿ ನಿಂತವರ ಮಾತೂ ಕೇಳಿಸಲಿಲ್ಲ. ಆದ್ದರಿಂದ ಈ ಪ್ರವಾಸದ ಲೆಕ್ಕವನ್ನು ಮನೆಯ ಬಾಗಿಲಿನಿಂದ ಆರಂಭಿಸಬಾರದು. ಬೆಳಗ್ಗೆ ಸ್ಮಾರಕದ ಬಾಗಿಲು ತೆರೆದ ಮೊದಲ ತಾಸಿನಲ್ಲಿ ಗ್ಯಾಲರಿಯಲ್ಲಿರಬೇಕು ಎಂದು ಮೊದಲು ನಿಶ್ಚಯಿಸಿ, ಉಳಿದುದೆಲ್ಲವನ್ನೂ ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ಹಾಗೆ ಎಣಿಸಿದರೆ ಹಿಂದಿನ ರಾತ್ರಿ ವಿಜಯಪುರದಲ್ಲಿಯೇ ತಂಗಬೇಕಾಗುತ್ತದೆ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 530 ಕಿಲೋಮೀಟರ್ ದೂರವಿದ್ದು, ಊಟ, ಚಹಾ ಮತ್ತು ಮಕ್ಕಳ ನಿಲುಗಡೆಗಳನ್ನೂ ಸೇರಿಸಿಕೊಂಡರೆ ಹತ್ತು ತಾಸು ಬೇಕು. ಬೆಳಗ್ಗೆ ಐದಕ್ಕೆ ಹೊರಟರೆ ಸಂಜೆಯ ಬೆಳಕಿರುವಾಗಲೇ ಊರು ಸೇರಬಹುದು. ಎಪ್ಪತ್ತು ದಾಟಿದ ಹಿರಿಯರು ಜೊತೆಗಿದ್ದರೆ ಈ ಹಟ ಬೇಡ. ಹೊಸಪೇಟೆಯಲ್ಲಿ ಒಂದು ರಾತ್ರಿ ಕಳೆದು, ಮರುದಿನ ಉಳಿದ ದಾರಿಯನ್ನು ನಿಧಾನವಾಗಿ ಕ್ರಮಿಸುವುದು ಲೇಸು. ಕಾಲದ ಆಯ್ಕೆಯಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆ ಹಿತವಾಗಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಊರಿನಲ್ಲಿ ಮಕ್ಕಳನ್ನು ಕರೆದುಕೊಂಡು ತಿರುಗುವುದು ಕಷ್ಟ. ಗುಮ್ಮಟದ ಎದುರಿನ ನಗಾರಿಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ ಎಂಬುದೂ ನೆನಪಿನಲ್ಲಿರಲಿ.

ಹೊರಡುವ ಎರಡು ದಿನ ಮೊದಲು ನಾಲ್ಕು ಚಕ್ರಗಳ ಜೊತೆಗೆ ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿ, ವಿಮೆ ಮತ್ತು ಹೊಗೆ ತಪಾಸಣೆಯ ಪತ್ರಗಳ ಅವಧಿ ಮುಗಿದಿಲ್ಲವೆಂದು ಖಾತ್ರಿಪಡಿಸಿಕೊಳ್ಳಿ. ದಾರಿಯಲ್ಲಿ ಟೋಲ್ ಗೇಟುಗಳು ಹಲವು ಇರುವುದರಿಂದ ಫಾಸ್ಟ್ಯಾಗ್ ಖಾತೆಯಲ್ಲಿ ಸಾಕಷ್ಟು ಹಣವಿರಬೇಕು. ಇಲ್ಲವಾದರೆ ಹೆಚ್ಚಿನ ಶುಲ್ಕ ಕೊಡಬೇಕಾಗುತ್ತದೆ.

ದಾರಿ ಸರಳವಾಗಿದೆ. ತುಮಕೂರು, ಶಿರಾ, ಹಿರಿಯೂರುಗಳ ಮೂಲಕ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗ ತಲುಪಿ, ಅಲ್ಲಿ ಹೆದ್ದಾರಿ 50ಕ್ಕೆ ತಿರುಗಿದರೆ ಅದೇ ರಸ್ತೆ ಕೂಡ್ಲಿಗಿ, ಹೊಸಪೇಟೆ, ಕುಷ್ಟಗಿ, ಇಳಕಲ್ಲು, ಹುನಗುಂದಗಳನ್ನು ದಾಟಿ ವಿಜಯಪುರಕ್ಕೆ ಒಯ್ಯುತ್ತದೆ. ಬೆಳಗಿನ ತಿಂಡಿಗೆ ಹಿರಿಯೂರು ಅಥವಾ ಚಿತ್ರದುರ್ಗ, ಮಧ್ಯಾಹ್ನದ ಊಟಕ್ಕೆ ಕುಷ್ಟಗಿ ಅಥವಾ ಇಳಕಲ್ಲಿನ ಯಾವುದಾದರೊಂದು ಖಾನಾವಳಿ ಎಂದಿಟ್ಟುಕೊಳ್ಳಿ; ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳು ಅಲ್ಲಿಂದಲೇ ಶುರುವಾಗುತ್ತವೆ. ಹೋಗುವಾಗ ಒಂದಕ್ಕಿಂತ ಹೆಚ್ಚು ತಾಣಗಳಲ್ಲಿ ಇಳಿಯುವ ಆಸೆ ಬೇಡ. ಕೃಷ್ಣೆ, ಮಲಪ್ರಭೆಯರು ಸೇರುವ ಕೂಡಲಸಂಗಮ ಹುನಗುಂದದ ಆಚೆ ಹೆದ್ದಾರಿಯಿಂದ ಸ್ವಲ್ಪ ಒಳಗಿದೆ. ನಿಡಗುಂದಿಯ ಹತ್ತಿರ ಆಲಮಟ್ಟಿ ಅಣೆಕಟ್ಟೆ ಇದೆ. ಇವೆರಡರಲ್ಲಿ ಒಂದನ್ನು ಹೋಗುವಾಗ, ಇನ್ನೊಂದನ್ನು ಬರುವಾಗ ನೋಡಬಹುದು.

ಮುಖ್ಯ ಕೆಲಸ ಮರುದಿನ ಬೆಳಗ್ಗೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಒಳಗೆ ಹೋದೊಡನೆ ಮೆಟ್ಟಿಲಿನತ್ತ ಓಡದೆ, ನೆಲದ ನಡುವೆ ನಿಂತು ಒಮ್ಮೆ ತಲೆಯೆತ್ತಿ ನೋಡಿ. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಎತ್ತರಿಸಿದ ಕಟ್ಟೆಯ ಮೇಲೆ ಕಾಣುವುದು ಗುರುತಿನ ಗೋರಿಗಳು, ನಿಜವಾದವು ಅದರ ಕೆಳಗಿನ ನೆಲಮಾಳಿಗೆಯಲ್ಲಿವೆ. ಹೊರ ಅಳತೆಯಲ್ಲಿ ಸುಮಾರು 44 ಮೀಟರ್ ವ್ಯಾಸವಿರುವ ಗುಮ್ಮಟಕ್ಕೆ ನಡುವೆ ಒಂದೇ ಒಂದು ಕಂಬದ ಆಸರೆಯೂ ಇಲ್ಲ. ಒಂದರೊಳಗೊಂದು ಹೆಣೆದುಕೊಂಡ ಎಂಟು ಕಮಾನುಗಳು ಚೌಕಾಕಾರದ ಕೋಣೆಯನ್ನು ಮೇಲೇರಿದಂತೆ ದುಂಡಗಾಗಿಸಿ, ಆ ಭಾರವನ್ನು ದಪ್ಪ ಗೋಡೆಗಳಿಗೆ ದಾಟಿಸುತ್ತವೆ. ಮೇಲೆ ಹೋದ ಮೇಲೆ ಈ ಹೆಣಿಗೆ ಇಷ್ಟು ಚೆನ್ನಾಗಿ ಕಾಣುವುದಿಲ್ಲ.

ಮೂಲೆಗಳಲ್ಲಿರುವ ಏಳು ಅಂತಸ್ತಿನ ಮಿನಾರುಗಳ ಒಳಗೆ ಮೆಟ್ಟಿಲುಗಳಿವೆ. ಅವು ಇಕ್ಕಟ್ಟಾಗಿ, ಕಡಿದಾಗಿರುವುದರಿಂದ ಮಂಡಿನೋವಿನವರನ್ನು ಒತ್ತಾಯಿಸಬೇಡಿ. ಅಜ್ಜ, ಅಜ್ಜಿಯರು ಹುಲ್ಲುಹಾಸಿನ ಬಳಿ ಕುಳಿತಿರಲಿ. ಪುಟ್ಟ ಮಕ್ಕಳ ಮುಂದೊಬ್ಬರು, ಹಿಂದೊಬ್ಬರು ಹತ್ತಬೇಕು. ಮೇಲಿನ ತಾರಸಿಯಲ್ಲಿ ಉಸಿರು ಸಮಕ್ಕೆ ಬರುವವರೆಗೆ ಊರನ್ನು ನೋಡುತ್ತ ನಿಂತು, ಆಮೇಲೆ ಗುಮ್ಮಟದ ಬುಡದ ಬಾಗಿಲಿನಿಂದ ಗ್ಯಾಲರಿಗೆ ಹೋಗಿ.

ಒಳಗೆ ಇಬ್ಬರು ಎದುರುಬದುರು ತುದಿಗಳಿಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತುಕೊಳ್ಳಬೇಕು. ಒಬ್ಬರು ಗೋಡೆಯ ಹತ್ತಿರ ಬಾಯಿಟ್ಟು ಮೆಲ್ಲಗೆ ಒಂದು ಹೆಸರು ಹೇಳಲಿ, ಇನ್ನೊಬ್ಬರು ಗೋಡೆಗೆ ಕಿವಿಗೊಡಲಿ. ಸುಮಾರು 38 ಮೀಟರ್ ಆಚೆಯ ಪಿಸುಮಾತು ಪಕ್ಕದಲ್ಲಿಯೇ ಆಡಿದಂತೆ ಕೇಳುತ್ತದೆ. ಬಾಗಿದ ನುಣುಪು ಗೋಡೆಯು ಸದ್ದನ್ನು ಚದುರಲು ಬಿಡದೆ ತನ್ನ ಮಗ್ಗುಲಲ್ಲಿಯೇ ಸಾಗಿಸುವುದು ಇದಕ್ಕೆ ಕಾರಣ. ಚಪ್ಪಾಳೆಯ ಕಥೆ ಬೇರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆಯಾದ್ದರಿಂದ, ಎದುರು ಗೋಡೆಗೆ ಬಡಿದು ಮರಳಲು ಅದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ; ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅಂತರವಿದ್ದರೂ ಸಾಕು, ಕಿವಿ ಎರಡು ಸದ್ದುಗಳನ್ನು ಬೇರ್ಪಡಿಸಬಲ್ಲದು. ಹೀಗಾಗಿ ಒಂದು ಚಪ್ಪಾಳೆ ಹಲವು ಚಪ್ಪಾಳೆಗಳಾಗುತ್ತದೆ. ಒಮ್ಮೆ ಮಾತ್ರ ತಟ್ಟಿ, ಕೊನೆಯ ಪ್ರತಿಧ್ವನಿ ಅಡಗುವವರೆಗೆ ಎಣಿಸುವಂತೆ ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಹತ್ತಿರ ಬೇರೆ ಕುಟುಂಬವಿದ್ದರೆ ಸರದಿ ಮಾತಾಡಿಕೊಳ್ಳಿ, ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಗೋಳಗುಮ್ಮಟವು ಊರಿನ ಪೂರ್ವದಲ್ಲಿದ್ದರೆ, ಉಳಿದ ಎರಡು ಮುಖ್ಯ ತಾಣಗಳು ಪಶ್ಚಿಮದಲ್ಲಿವೆ. ಮಧ್ಯಾಹ್ನ ಉಂಡು ಮಲಗೆದ್ದು ಆ ಕಡೆಗೆ ಹೊರಡಿ. ಕಾರನ್ನು ವಸತಿಗೃಹದಲ್ಲಿಯೇ ಬಿಟ್ಟು ಟಾಂಗಾ ಹಿಡಿದರೆ ಮಕ್ಕಳಿಗೆ ಅದೇ ಒಂದು ಹಬ್ಬ, ಆದರೆ ಬಾಡಿಗೆಯನ್ನು ಹತ್ತುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕೋಟೆಯ ಬುರುಜಿನ ಮೇಲೆ 1549ರಲ್ಲಿ ಎರಕಹೊಯ್ದ, ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು ಇದೆ. ಅದರ ಬಾಯಿಯನ್ನು ಆನೆಯನ್ನು ಕಚ್ಚಿಹಿಡಿದ ಸಿಂಹದ ಮುಖವಾಗಿ ರೂಪಿಸಲಾಗಿದೆ. ಸೂರ್ಯಾಸ್ತದ ಹೊತ್ತನ್ನು ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಸಮಾಧಿಯಾದ ಇಬ್ರಾಹಿಂ ರೋಜಾಕ್ಕೆ ಮೀಸಲಿಡಿ: ಗಾತ್ರದಲ್ಲಿ ಗೋಳಗುಮ್ಮಟಕ್ಕೆ ಸಾಟಿಯಲ್ಲದಿದ್ದರೂ ಕಲ್ಲಿನ ಕುಸುರಿಯಲ್ಲಿ ಅದನ್ನು ಮೀರಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ದಿನ ಬೆಳಗ್ಗೆ ಆರರೊಳಗೆ ಊರು ಬಿಡಿ. ಒಣದ್ರಾಕ್ಷಿಯನ್ನು ಹಿಂದಿನ ಸಂಜೆಯೇ ಕೊಂಡಿಟ್ಟಿದ್ದರೆ ಅಂಗಡಿ ತೆರೆಯುವವರೆಗೆ ಕಾಯಬೇಕಿಲ್ಲ. ತಡವಾದರೆ ನೆಲಮಂಗಲದಿಂದ ಬೆಂಗಳೂರಿನ ಒಳಗೆ ಬರುವಷ್ಟರಲ್ಲಿ ಸಂಜೆಯ ವಾಹನದಟ್ಟಣೆಗೆ ಸಿಕ್ಕಿಕೊಳ್ಳುತ್ತೀರಿ.