ತೂಕದ ಹೊತ್ತಿನ ಪ್ರಾರ್ಥನೆ

ನಾನು ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಆಳುಗಳ ಹಾಜರಿ, ಕೊಯ್ಲಿನ ತೂಕ, ವಾರದ ಬಟವಾಡೆ, ಗೊಬ್ಬರದ ಲೆಕ್ಕ, ಎಲ್ಲ ನನ್ನ ಜವಾಬ್ದಾರಿ. ನಮ್ಮ ಚರ್ಚ್ ಸಭೆಯ ಹುಡುಗರು ಆಗಾಗ ಕೇಳುತ್ತಾರೆ: ದೇವರು ಕೆಲಸದಲ್ಲಿ ನಡೆಸುತ್ತಾನೆ ಅಂತೀರಲ್ಲ, ಅದು ನಿಮಗೆ ಹೇಗೆ ಗೊತ್ತಾಗುತ್ತದೆ? ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಧ್ವನಿ ಕೇಳಿಸಿಲ್ಲ, ಕನಸೂ ಬಿದ್ದಿಲ್ಲ. ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಾಕ್ಯವೇ ಇವತ್ತಿನ ಉತ್ತರ ಅಂತ ತೆಗೆದುಕೊಳ್ಳುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ದೇವರು ಆಗಲೇ ಬಿಡಿಸಿ ಹೇಳಿರುವುದನ್ನು ಪಕ್ಕಕ್ಕಿಟ್ಟು ಹೊಸ ಗುರುತು ಕೇಳುವುದು ಯಾಕೆ, ಅಲ್ವಾ? ಕೂಲಿಯ ಬಗ್ಗೆ, ತೂಕದ ಬಗ್ಗೆ ಬೈಬಲ್ ಎಷ್ಟು ಮಾತಾಡುತ್ತದೆ ಅನ್ನುವುದು ತೋಟದಲ್ಲಿ ದುಡಿಯುವವನಿಗೆ ಬೇಗ ಗೊತ್ತಾಗುತ್ತದೆ. ಕೂಲಿಯವನ ಕೂಲಿಯನ್ನು ಅದೇ ದಿನ ಹೊತ್ತು ಮುಳುಗುವ ಮುಂಚೆ ಕೊಡು ಅನ್ನುತ್ತದೆ ಧರ್ಮೋಪದೇಶಕಾಂಡದ 24ನೇ ಅಧ್ಯಾಯ. ಮೋಸದ ತಕ್ಕಡಿ ಯೆಹೋವನಿಗೆ ಅಸಹ್ಯ ಅನ್ನುತ್ತದೆ ಜ್ಞಾನೋಕ್ತಿ. ಹಿಡಿದಿಟ್ಟ ಕೂಲಿಯೇ ಕೂಗುತ್ತದೆ ಅನ್ನುತ್ತಾನೆ ಯಾಕೋಬ ತನ್ನ ಪತ್ರಿಕೆಯಲ್ಲಿ. ನನ್ನ ದಿನದ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಸಿಕ್ಕಿಬಿಡುತ್ತದೆ.

ಬೆಳಗ್ಗೆ ಆಳುಗಳು ಬಂದು ನಿಲ್ಲುವ ಮುಂಚೆ ಹಾಜರಿ ಪುಸ್ತಕ ತೆರೆದಿಟ್ಟು ಪ್ರಾರ್ಥಿಸುತ್ತೇನೆ. ಹೆಸರು ಓದುತ್ತಾ ಪ್ರಾರ್ಥಿಸುತ್ತೇನೆ. ಇಲ್ಲಿನ ಆದಿವಾಸಿಗಳಾದ ಎರವರು, ತಮಿಳರು, ಅಸ್ಸಾಮಿನಿಂದ ಬಂದವರು, ಎಲ್ಲರ ಹೆಸರೂ ಅದರಲ್ಲಿದೆ. ಒಬ್ಬಳ ಮಗುವಿಗೆ ಜ್ವರ ಅಂತ ನಿನ್ನೆ ಕೇಳಿದ್ದರೆ ಅದು ಆಗ ನೆನಪಾಗುತ್ತದೆ. ಆಮೇಲೆ ಅವಳು ತಡವಾಗಿ ಬಂದಾಗ ನನ್ನ ಬಾಯಿಂದ ಬರುವ ಮಾತೇ ಬೇರೆ. ಹೆಸರಿಟ್ಟು ಪ್ರಾರ್ಥಿಸಿದವರನ್ನು ಬರೀ ತಲೆಲೆಕ್ಕವಾಗಿ ನೋಡಲು ಆಗುವುದಿಲ್ಲ.

ಉಳಿದ ದಿನಕ್ಕೆ ನನಗೆ ಬೈಬಲಿನ ನೆಹೆಮೀಯನೇ ಮಾದರಿ. ಅವನು ಅರಸನಿಗೆ ದ್ರಾಕ್ಷಾರಸ ಕೊಡುವ ಕೆಲಸದವನು. ನಿನಗೆ ಏನು ಬೇಕು ಅಂತ ಅರಸ ಕೇಳಿದಾಗ, ಉತ್ತರ ಕೊಡುವ ಮುಂಚೆ ಪರಲೋಕದ ದೇವರಿಗೆ ಪ್ರಾರ್ಥಿಸಿದ ಅಂತ ಅವನ ಪುಸ್ತಕದ ಎರಡನೇ ಅಧ್ಯಾಯದಲ್ಲಿದೆ. ಅರಸನ ಎದುರು ಮೊಣಕಾಲೂರಲು ಹೊತ್ತೆಲ್ಲಿ? ನಿಂತಲ್ಲೇ ಒಂದು ಉಸಿರಿನಷ್ಟು ಪ್ರಾರ್ಥನೆ ಇರಬೇಕು.

ಒಂದು ಸಲ ರೋಬಸ್ಟಾ ಕಾಫಿಯ ಕೊಯ್ಲಿನ ಹೊತ್ತಿನಲ್ಲಿ ಅಕಾಲ ಮಳೆ ಬಂತು. ಕೊಯ್ಲಿಗೆ ಕಿಲೋ ಲೆಕ್ಕದ ಕೂಲಿ. ಹಣ್ಣು ನೆಂದಿದೆ, ಚೀಲಕ್ಕೆ ಎರಡು ಕಿಲೋ ಮುರಿದುಕೋ ಅಂತ ಮೇಲಿನವರು ಹೇಳಿದರು. ಸಾಯಂಕಾಲ ತಕ್ಕಡಿಯ ಮುಂದೆ ಹೆಂಗಸರೆಲ್ಲ ಚೀಲ ಇಟ್ಟುಕೊಂಡು ಸಾಲಾಗಿ ನಿಂತಿದ್ದಾರೆ. ಧಣಿಯ ಮಾತಿನಲ್ಲೂ ನ್ಯಾಯವಿತ್ತು, ನೀರಿಗೆ ಯಾರೂ ಕೂಲಿ ಕೊಡುವುದಿಲ್ಲ. ಆದರೆ ಎರಡು ಕಿಲೋ ಅನ್ನುವುದು ಎಲ್ಲಿಂದ ಬಂತು? ಕರ್ತನೇ, ಇಬ್ಬರಿಗೂ ಅನ್ಯಾಯ ಆಗದ ದಾರಿ ತೋರಿಸು ಅಂದೆ. ಆಗ ಹೊಳೆದದ್ದು ಬಹಳ ಸಾದಾ ವಿಷಯ. ಒಂದು ಚೀಲ ತೂಗಿಸಿದೆ. ಹಣ್ಣನ್ನು ಟಾರ್ಪಾಲಿನ ಮೇಲೆ ಹರಡಿ, ನೀರು ಇಳಿಯುವವರೆಗೆ ಕಾದು, ಎಲ್ಲರ ಎದುರಿಗೆ ಮತ್ತೆ ತೂಗಿಸಿದೆ. ವ್ಯತ್ಯಾಸ ಒಂದು ಕಿಲೋ ಕೂಡ ಇರಲಿಲ್ಲ. ಅಷ್ಟನ್ನೇ ಮುರಿದು ಬರೆದು, ಮೇಲಿನವರಿಗೂ ಅದನ್ನೇ ತೋರಿಸಿದೆ. ಅವರು ಒಪ್ಪಿದರು. ಒಪ್ಪದಿದ್ದರೆ ಏನು ಮಾಡುತ್ತಿದ್ದೆ ಅನ್ನುವುದನ್ನೂ ಆ ಹೊತ್ತಿಗೆ ಮನಸ್ಸಿನಲ್ಲಿ ತೀರ್ಮಾನಿಸಿದ್ದೆ. ಪ್ರಾರ್ಥನೆ ನನಗೆ ಕೊಟ್ಟದ್ದು ಆ ಧೈರ್ಯವನ್ನು.

ಸ್ಪ್ರಿಂಕ್ಲರ್ ವಿಷಯ ಬೇರೆ ಥರ. ಫೆಬ್ರವರಿ ಕೊನೆಗೆ ರೋಬಸ್ಟಾ ಮೊಗ್ಗು ತಯಾರಾಗಿ ನಿಲ್ಲುತ್ತದೆ. ಒಂದರಿಂದ ಒಂದೂವರೆ ಇಂಚು ನೀರು ಸಿಕ್ಕಿದರೆ ಸುಮಾರು ವಾರ ಹತ್ತು ದಿನದಲ್ಲಿ ಹೂ ಅರಳುತ್ತದೆ. ಸುಮ್ನೆ ನಾಲ್ಕು ಹನಿ ಬಿದ್ದು ನಿಂತರೆ ಮೊಗ್ಗು ಕೆಡುತ್ತದೆ. ಹೂವಾದ ಮೇಲೆ ಮತ್ತೊಂದು ನೀರು ಬೇಕು. ಹೂ ಮಳೆಗೆ ಕಾಯಬೇಕೋ, ಡೀಸೆಲ್ ಸುಟ್ಟು ಪಂಪ್ ಓಡಿಸಬೇಕೋ? ಮಳೆ ಯಾವತ್ತು ಬರುತ್ತದೆ ಅಂತ ನಾನು ದೇವರನ್ನು ಕೇಳುವುದಿಲ್ಲ. ಜ್ಞಾನ ಕಡಿಮೆ ಇದ್ದವನು ಅದನ್ನು ದೇವರಲ್ಲಿ ಕೇಳಿಕೊಳ್ಳಲಿ ಅಂತ ಯಾಕೋಬ ಬರೆದಿದ್ದಾನೆ, ಆ ಜ್ಞಾನವನ್ನು ಕೇಳುತ್ತೇನೆ. ಕೇಳಿ ಎದ್ದು ಮಳೆ ಮಾಪಕ ನೋಡುತ್ತೇನೆ, ಹವಾಮಾನ ವರದಿ ನೋಡುತ್ತೇನೆ, ಹಳೆಯ ಬೆಳೆಗಾರರೊಬ್ಬರಿಗೆ ಫೋನ್ ಮಾಡುತ್ತೇನೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರು ಹೇಳಿದ್ದನ್ನು ಕೇಳದೆ ಬರೀ ಪ್ರಾರ್ಥಿಸುವುದನ್ನು ನಾನು ವಿಶ್ವಾಸ ಅನ್ನುವುದಿಲ್ಲ. ಕೆಳಗಿನ ತೋಟದವರಿಗೂ ಅದೇ ತೋಡಿನ ನೀರು ಬೇಕು ಅನ್ನುವ ವಿಚಾರ ಮಾತ್ರ ನನಗೆ ಪ್ರಾರ್ಥನೆಯಲ್ಲೇ ಬಂದದ್ದು. ಈಗ ಪಂಪ್ ಹಚ್ಚುವ ಮುಂಚೆ ಅವರಿಗೊಂದು ಮಾತು ಹೇಳುತ್ತೇನೆ.

ಆನೆಯ ವಿಷಯದಲ್ಲಿ ನನಗೆ ಯೋಚನೆಯೇ ಬೇಡ. ತೋಟದೊಳಗೆ ಆನೆ ಇದೆ ಅಂತ ಗೊತ್ತಾದರೆ ಆ ಕಡೆ ಆಳು ಕಳಿಸುವುದಿಲ್ಲ. ಕೆಲಸ ನಿಂತರೆ ನಿಲ್ಲಲಿ.

ಪ್ರಾರ್ಥನೆ ಭಾನುವಾರದ್ದು, ಕೆಲಸ ಸೋಮವಾರದ್ದು ಅಂತ ಯಾರಾದರೂ ಅಂದರೆ ನನಗೆ ನಮ್ಮ ಅಮ್ಮತ್ತಿ ಕಡೆಯ ಆನಂದಪುರ ನೆನಪಾಗುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದ ಬಾಸೆಲ್ ಮಿಶನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗ್, 1850ರ ದಶಕದಲ್ಲಿ ಕೊಡಗಿಗೆ ಬಂದು ಅಲ್ಲಿ ನೆಲೆ ಕಟ್ಟಿದರು. ಒಡೆಯರ ಜಮೀನಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ಜನರಿಗೆ ಇರಲು ಜಾಗ ಆಯಿತು. ಈ ಮಣ್ಣಿನಲ್ಲಿ ಸುವಾರ್ತೆಯೂ ದುಡಿಯುವವನ ಬದುಕೂ ಶುರುವಿನಿಂದಲೇ ಒಟ್ಟಿಗೆ ಬಂದಿವೆ.

ಈಗ ನಾನು ದೇವರಲ್ಲಿ ಕೇಳುತ್ತಿರುವ ವಿಷಯ ಒಂದಿದೆ. ಅಸ್ಸಾಮಿನವರು, ಅಣ್ಣಾ, ವಾರವಾರ ದುಡ್ಡು ಕೊಡಬೇಡಿ, ಊರಿಗೆ ಹೋಗುವಾಗ ಒಟ್ಟಿಗೆ ಕೊಡಿ ಅನ್ನುತ್ತಾರೆ. ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಯಲ್ಲಿ ಹಣ ಇಟ್ಟುಕೊಳ್ಳಲು ಅವರಿಗೆ ಭಯ. ಅವರಾಗಿ ಕೇಳಿದ್ದು ನಿಜ. ಆದರೂ ಹೊತ್ತು ಮುಳುಗುವ ಮುಂಚೆ ಕೊಡು ಅನ್ನುವ ಮಾತು ನನ್ನನ್ನು ಬಿಡಲಿಲ್ಲ. ತಿಂಗಳುಗಟ್ಟಲೆ ಕೂಲಿ ತೋಟದ ಕೈಯಲ್ಲಿದ್ದರೆ, ಬೇಡ ಅನಿಸಿದ ದಿನ ಅವನು ಎದ್ದು ಹೋಗಲು ಆಗುತ್ತದಾ? ಒಂದು ವಾರ ಇದನ್ನೇ ಇಟ್ಟುಕೊಂಡು ಪ್ರಾರ್ಥಿಸಿದೆ. ಆಮೇಲೆ ಸಭೆಯ ಹಿರಿಯರೊಬ್ಬರ ಹತ್ತಿರ ಮಾತಾಡಿದೆ. ಅವರು ತೀರ್ಪು ಕೊಡಲಿಲ್ಲ, ಆಳುಗಳ ಹೆಸರಿನಲ್ಲೇ ಬ್ಯಾಂಕ್ ಖಾತೆ ಮಾಡಿಸಲು ಆಗಲ್ವಾ ಅಂತ ಕೇಳಿದರು. ಈಗ ಹೆಚ್ಚಿನವರಿಗೆ ಖಾತೆ ಆಗಿದೆ, ವಾರದ ಕೂಲಿ ವಾರವೇ ಅಲ್ಲಿಗೆ ಹೋಗುತ್ತದೆ. ಕಾಗದಪತ್ರ ಸರಿ ಇಲ್ಲದ ಕೆಲವರದ್ದು ಬಾಕಿ ಇದೆ. ಅವರಿಗಾಗಿ ಬೆಳಗ್ಗೆ ಪ್ರಾರ್ಥಿಸುತ್ತಿದ್ದೇನೆ, ಸೋಮವಾರ ಅವರನ್ನು ಕರೆದುಕೊಂಡು ಬ್ಯಾಂಕಿಗೂ ಹೋಗುತ್ತಿದ್ದೇನೆ.